ಹಿಂದಿನ ದಿನ ಸಂಜೆ ತೆರೆಯುತ್ತಿದ್ದ ಬಾಗಿಲು

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಹೆಸರನ್ನು ಜನ ಬಹುಕಾಲ ನೆನಪಿಟ್ಟುಕೊಳ್ಳುತ್ತಾರೆ. ಅದರ ಹಿಂದಿನ ದಿನ ಹಾಸಿಗೆಯ ಪಕ್ಕ ಬಂದು ಕುಳಿತವರ ಹೆಸರು ಯಾವ ಚೀಟಿಯಲ್ಲೂ ಇರುವುದಿಲ್ಲ. ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ಶುಶ್ರೂಷಕಿಯಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಪೆರೇಸಂದ್ರದ ಗಂಗುಲಮ್ಮನವರು ಆ ಹಿಂದಿನ ದಿನವನ್ನೇ ತಮ್ಮ ಕ್ಷೇತ್ರವನ್ನಾಗಿ ಮಾಡಿಕೊಂಡವರು. ಚಿಂತಾಮಣಿಯ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ಅವರ ಸಹೋದ್ಯೋಗಿಯಾಗಿದ್ದ, ಒಮ್ಮೆ ಅವರ ರೋಗಿಯೂ ಆಗಿದ್ದ ನನಗೆ ಈ ಅಭಿನಂದನಾ ಸಂಪುಟದಲ್ಲಿ ಅವರ ಬಗ್ಗೆ ಬರೆಯುವ ಭಾಗ್ಯ ದೊರೆತಿದೆ.

ಅವರು ಸೇವೆಗೆ ಸೇರಿದ್ದು ಗೌರಿಬಿದನೂರಿನಲ್ಲಿ. ಮೊದಲ ವರ್ಷವೇ, ಮಂಚೇನಹಳ್ಳಿಯ ಕಡೆಯ ರಾಧಮ್ಮ ಎಂಬ ಗೃಹಿಣಿ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲವರೆಗೆ ಬಂದವರು ಹಾಗೇ ತಿರುಗಿ, ಆಸ್ಪತ್ರೆಯ ಹಸಿರು ಬಟ್ಟೆಯ ಮೇಲೊಂದು ಸೀರೆ ಸುತ್ತಿಕೊಂಡು ಹೊರಟುಬಿಟ್ಟರಂತೆ. ಬಸ್ ನಿಲ್ದಾಣದಲ್ಲಿ ಅವರನ್ನು ಹುಡುಕಿ ಹಿಡಿದವರು ಗಂಗುಲಮ್ಮನವರು. "ಬಾಗಿಲಾಚೆ ಏನೈತೋ ಗೊತ್ತಿಲ್ದೆ ಹೆಂಗಮ್ಮ ಕಾಲಿಡೋದು? ನೀನಾದ್ರೆ ಇಡ್ತೀಯ?" ಎಂದು ಆಕೆ ಕೇಳಿದರಂತೆ. ಅಂದು ಸಂಜೆಯೇ ಇವರು ವೈದ್ಯರ ಒಪ್ಪಿಗೆ ಪಡೆದು, ರಾಧಮ್ಮನವರ ಕೈಹಿಡಿದು ಒಳಗೆ ಕರೆದೊಯ್ದು ಎಲ್ಲವನ್ನೂ ತೋರಿಸಿದರು.

ಹಾಗೆ ಆರಂಭವಾದ ಪದ್ಧತಿಯನ್ನು ಅವರು ಶಿಡ್ಲಘಟ್ಟಕ್ಕೂ ಆಮೇಲೆ ಚಿಂತಾಮಣಿಗೂ ತಮ್ಮೊಡನೆ ಒಯ್ದರು. ಸಂಜೆ ಕೊಠಡಿಯನ್ನು ತೊಳೆಯುವ ಮೊದಲು, ಮರುದಿನದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕರೆದೊಯ್ಯುತ್ತಿದ್ದರು. "ಇಲ್ಲಿ ಮಲಗ್ತೀಯ. ಮೇಲಿಂದ ಈ ಲೈಟ್ ಹಾಕ್ತಾರೆ. ಬೆನ್ನಿಗೊಂದು ಸೂಜಿ, ನೋವಾಗ್ತದೆ, ಸುಳ್ಳು ಹೇಳಲ್ಲ. ಹತ್ತು ಎಣಿಸು, ಮುಗೀತದೆ." ಹೆದರಬೇಡ ಎಂಬ ಮಾತನ್ನು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಯಾವುದಕ್ಕೆ ಹೆದರಿಕೆ ಎಂದು ಮಾತ್ರ ಕೇಳುತ್ತಿದ್ದರು. ರೇಷ್ಮೆ ನೂಲು ತೆಗೆಯುವ ಒಬ್ಬಾಕೆಗೆ ಸಾವಿನ ಭಯವಿರಲಿಲ್ಲ, ಗಂಡಸರ ಎದುರು ಸೆರಗಿಲ್ಲದೆ ಮಲಗುವ ಭಯವಿತ್ತು. ಗಂಗುಲಮ್ಮನವರು ಮೊದಲು ಮೈತುಂಬ ಹೊದಿಸಿ, ಆಮೇಲೇ ಬೇರೆಯವರನ್ನು ಒಳಗೆ ಬಿಡುವುದಾಗಿ ಮಾತು ಕೊಟ್ಟರು. ಹಾಗೆಯೇ ನಡೆದುಕೊಂಡರು.

ಏಳು ವರ್ಷಗಳ ಹಿಂದೆ ನನ್ನ ಗರ್ಭಕೋಶ ತೆಗೆಯಬೇಕಾಗಿ ಬಂತು. ಗಂಡನ ಮನೆ ಬಿಟ್ಟುಬಂದು ಆಗಲೇ ಬಹಳ ಕಾಲವಾಗಿತ್ತು. ಶಸ್ತ್ರಚಿಕಿತ್ಸೆಯ ದಿನ ಮುಂಜಾನೆ ಮನೆಯಲ್ಲಿ ಕಾಫಿ ಕುಡಿದು, ಬೀಗ ಹಾಕಿಕೊಂಡು, ಚೀಲ ಹಿಡಿದು ಆಸ್ಪತ್ರೆಗೆ ಒಬ್ಬಳೇ ನಡೆದುಹೋದೆ. ದಿನವೂ ನೂರು ಜನಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳುವವಳು ನಾನು. ಮರೆತು ಕುಡಿದೆನೆಂದು ವೈದ್ಯರಿಗೆ ಹೇಳಿದೆ. ಚಿಕಿತ್ಸೆ ಮರುದಿನಕ್ಕೆ ಹೋಯಿತು. ನಾನು ಮರೆತಿರಲಿಲ್ಲ. ಈ ಮಾತನ್ನು ಇಲ್ಲಿಯೇ ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ಗಂಗುಲಮ್ಮನವರಿಗೆ ಬರೆದು ತಿಳಿಸಬೇಕಾಗಿರಲಿಲ್ಲ. ಹಾಸಿಗೆಯ ಪಕ್ಕ ಬಂದು ಕುಳಿತು, "ಡಿಕಾಕ್ಷನ್ ಚೆನ್ನಾಗಿತ್ತಾ ಶ್ರೀವಲ್ಲಿ?" ಎಂದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

"ನಿನ್ನೆ ಸಂಜೆ ನಿನ್ನ ಒಳಕ್ಕೆ ಕರ್ಕೊಂಡು ಹೋಗ್ಲಿಲ್ಲ ನಾನು. ಸ್ಟಾಫು, ಎಲ್ಲಾ ಗೊತ್ತಿರ್ತದೆ ಅಂದ್ಕೊಂಡೆ. ತಪ್ಪು ನಂದೇ ಕಣಮ್ಮ. ಏಳು."

ಸಾವಿರ ಸಲ ಹಾದುಹೋಗಿದ್ದ ಆ ಬಾಗಿಲನ್ನು ಅಂದು ಸಂಜೆ ಅವರ ಕೈ ಹಿಡಿದು ದಾಟಿದೆ. ನನ್ನ ಭಯ ಯಾವುದೆಂದು ಅವರು ಕೇಳಿದಾಗ, ಹೇಳುವುದಕ್ಕೇ ಹೊತ್ತು ಹಿಡಿಯಿತು. ಅರಿವಳಿಕೆಯ ಮತ್ತು ಇಳಿಯುವಾಗ ಜನ ಏನೇನೋ ಮಾತಾಡುವುದನ್ನು ನಾನು ಕೇಳಿದ್ದೆ. ಇಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡದ್ದೆಲ್ಲ ನಾಲ್ಕು ಜನರ ಮುಂದೆ ಹೊರಬಿದ್ದರೆ?

"ಅಷ್ಟೇನಾ?" ಎಂದರು. "ಎಚ್ಚರ ಆಗೋವಾಗ ನಾನೊಬ್ಬಳೇ ಇರ್ತೀನಿ. ನನ್ನ ಕಿವಿ ನಿನ್ನ ಲ್ಯಾಬಿನ ಸಿಂಕ್ ಇದ್ದಂಗೆ. ಹೋಗಿದ್ದು ವಾಪಸ್ ಬರಲ್ಲ."

ಮರುದಿನ ಸಂಜೆ ಸರಿಯಾಗಿ ಮಾತಾಡುವಂತಾದ ಕೂಡಲೇ ಕೇಳಿದೆ, "ನಾನೇನಾದ್ರೂ ಅಂದ್ನಾ ಸಿಸ್ಟರ್?"

"ಅಂದೆ ನೀನು. ಬಾಗಿಲು ಚಿಲಕ ಹಾಕಿದ್ದೀನಾ ಅಂತ ಮೂರು ಸಲ ಕೇಳ್ದೆ. ಹಾಕಿದ್ದೀಯ, ಮಲಕ್ಕೋ ಅಂದೆ ನಾನು."

ಅಷ್ಟೇ ಅಂದಿದ್ದೆನೋ, ಇನ್ನೇನಾದರೂ ಇತ್ತೋ ನನಗೆ ಇಂದಿಗೂ ತಿಳಿಯದು. ಒಂಟಿಯಾಗಿ ಬಾಳುವ ಹೆಂಗಸಿಗೆ, ತನ್ನ ಗುಟ್ಟು ಇನ್ನೊಬ್ಬರ ಬಳಿ ಸುಮ್ಮನೆ ಕುಳಿತಿರಬಹುದು ಎಂಬುದೂ ಒಂದು ಬಗೆಯ ಜೊತೆಯೇ. ಆ ಜೊತೆಯಲ್ಲಿ ಏಳು ವರ್ಷ ಕಳೆದಿದ್ದೇನೆ.

ಕಳೆದ ವಾರ ಅವರಿಂದ ಫೋನ್ ಬಂತು. ಪಿತ್ತಕೋಶದಲ್ಲಿ ಕಲ್ಲು, ಅವರ ಅಭಿನಂದನಾ ಸಮಾರಂಭವಾದ ನಾಲ್ಕನೆಯ ದಿನ ಚಿಕ್ಕಬಳ್ಳಾಪುರದಲ್ಲಿ ಶಸ್ತ್ರಚಿಕಿತ್ಸೆ. ತಾಯಿ ತೀರಿಕೊಂಡ ಮೇಲೆ ಅವರೂ ಮನೆಯಲ್ಲಿ ಒಬ್ಬರೇ.

"ನನಗೆ ಆ ರೂಮ್ ಒಳಗಿನ ಒಂದೊಂದು ಸಾಮಾನೂ ಗೊತ್ತು ಕಣೇ. ಅದಕ್ಕೇ ಭಯ," ಎಂದರು.

"ಕಾಫಿ ಕುಡಿದುಬಿಟ್ಟೀರಿ," ಎಂದೆ.

"ಕುಡಿಯೋಳಾಗಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?" ನಕ್ಕರು. ಇದನ್ನೆಲ್ಲ ಪುಸ್ತಕದಲ್ಲಿ ಬರೆಯಲೇ ಎಂದು ಕೇಳಿದೆ. "ಬರಿ. ಸಿಸ್ಟರ್‌ಗೂ ಭಯ ಆಗ್ತದೆ ಅಂತ ಬರಿ. ಓದೋರಿಗೆ ಧೈರ್ಯ ಬರ್ತದೆ."

ಅಲ್ಲಿನ ಶುಶ್ರೂಷಕಿಯರೊಡನೆ ಮಾತಾಡಿದ್ದೇನೆ. ಹಿಂದಿನ ದಿನ ಸಂಜೆ ಐದು ಗಂಟೆಗೆ ಹತ್ತು ನಿಮಿಷ ಬಾಗಿಲು ತೆರೆಯಲು ಒಪ್ಪಿದ್ದಾರೆ. ಗೊತ್ತಿರುವ ಕೋಣೆಯೇ ಆದರೂ ಗಂಗುಲಮ್ಮನವರ ಕೈ ಹಿಡಿದು ನಾನು ಒಳಗೆ ಕರೆದೊಯ್ಯುತ್ತೇನೆ. ಯಾವುದಕ್ಕೆ ಹೆದರಿಕೆ ಎಂದು ಕೇಳುತ್ತೇನೆ. ಅವರು ಗುಣಮುಖರಾಗಿ ಪೆರೇಸಂದ್ರದ ಮನೆಯಲ್ಲಿ ನೂರು ವರ್ಷ ನೆಮ್ಮದಿಯಿಂದಿರಲಿ, ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಈ ಪದ್ಧತಿಯನ್ನು ಇನ್ನೂ ಬಹುಕಾಲ ಕಲಿಸಲಿ ಎಂದು ಮನಸಾರೆ ಹಾರೈಸುತ್ತೇನೆ. ಎಚ್ಚರವಾಗುವಾಗ ಅವರು ಏನೇ ಅಂದರೂ, ಚಿಲಕ ಹಾಕಿದೆ, ಮಲಗಿ ಎಂದು ಹೇಳಲು ಪಕ್ಕದಲ್ಲಿ ನಾನಿರುತ್ತೇನೆ.