ಟವೆಲು ಬೀಸಿದರೆ ದನಿ ಇಳಿಸುವುದು

ಇವತ್ತು ಬೆಳಿಗ್ಗೆ ನನ್ನ ಹಳೆಯ ವಾಲ್ವ್ ರೇಡಿಯೊ ಪೆಟ್ಟಿಗೆಯ ಸ್ವಿಚ್ ಹಾಕಿದೆ. ಕಾದ ಧೂಳಿನ ವಾಸನೆ ಎದ್ದಿತು. ಹೆಂಡತಿ ಓಡಿಬಂದು ನೋಡಿ, ಒಲೆಯ ಮೇಲಿನದೇನೂ ಹತ್ತಿಲ್ಲವೆಂದು ಸಮಾಧಾನಪಟ್ಟು ಹೋದಳು. ನನಗೆ ಮಾತ್ರ ಪಕ್ಕದ ಮನೆಯ, ನಾನು ಅಕ್ಕನೆಂಬಂತೆ ಆಪಾ ಎಂದು ಕರೆಯುವವರ ಟವೆಲು ನೆನಪಾಯಿತು.

ಹವ್ಯಾಸಿ ರೇಡಿಯೊ, ಅಂದರೆ ಮನೆಯಲ್ಲೇ ಕೂತು ದೂರದ ಊರಿನವರೊಡನೆ ರೇಡಿಯೊದಲ್ಲಿ ಮಾತಾಡುವುದು, ನನ್ನ ಚಟ, ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ಔರಾದದ ಗುಜರಿಯಲ್ಲಿ ಸಿಕ್ಕ ಎರಡು ವಾಲ್ವು, ಒಂದು ಖಾಲಿ ಎಣ್ಣೆ ಡಬ್ಬಿ ಸೇರಿಸಿ ಈ ಪೆಟ್ಟಿಗೆ, ಅಂದರೆ ಲೀನಿಯರ್, ಕಟ್ಟಿದೆ. ಲೀನಿಯರ್ ಎಂದರೆ ದನಿಯನ್ನು ಸೊಟ್ಟ ಮಾಡದೆ ದೊಡ್ಡದು ಮಾಡುವ ಯಂತ್ರ. ನನ್ನದು ದೊಡ್ಡದಂತೂ ಮಾಡುತ್ತಿತ್ತು. ನಾನು ಬಾಯಿ ಮುಚ್ಚಿ ಕೂತರೂ ತನ್ನಷ್ಟಕ್ಕೆ ತಾನೇ ಊಳಿಡುತ್ತಿತ್ತು.

ಭಾಲ್ಕಿಯಲ್ಲಿ ನನ್ನಂಥದೇ ಚಟದ ನಿವೃತ್ತ ವಿಜ್ಞಾನ ಮಾಸ್ತರರಿದ್ದಾರೆ. ಅವರು ರೇಡಿಯೊದಲ್ಲಿ ಹೇಳಿದರು: "ಜೋರ್ ಕೇಳಸ್ತದ್ರಿ. ಆದ್ರ ರೇಡಿಯೊ ಮುಳ್ಳು ಎತ್ಲಾಗ ತಿರುವಿದ್ರೂ ನೀವೇ ಇದ್ದೀರಲ್ರಿ!"

ಹೊಗಳಿಕೆ ಎಂದುಕೊಂಡು ದನಿ ಏರಿಸುವ ಗುಂಡಿಯನ್ನು ಇನ್ನಷ್ಟು ತಿರುವಿದೆ.

ಹಾಗೆ ಹರಡಿದ ದನಿ ಆಪಾ ಅವರ ಟಿವಿಗೂ ನುಗ್ಗಿತು. ಸೀರಿಯಲ್ಲಿನ ನಾಯಕಿ ಸಾಯುವ ಹೊತ್ತಿಗೆ ಸರಿಯಾಗಿ ಬಾತುಕೋಳಿಯಂತೆ ಕೂಗಿದಳಂತೆ. ಆಪಾ ಕಿಟಕಿಗೆ ಬಂದು ನೋಡಿದರು. ನನ್ನ ಬಾಯಿ ಆಡಿದಾಗಲೆಲ್ಲ ಬಾತುಕೋಳಿ.

"ಭಾಯಿ, ನಿಮ್ಮ ಏರಿಯಲ್ ತಂತಿ ನಮ್ಮ ಮಾಳಿಗಿ ಪೈಪಿಗೇ ಕಟ್ಟೀರಿ. ಇನ್ನೊಮ್ಮಿ ಹಿಂಗಾದ್ರ ಬಿಚ್ಚಿ ಬಿಡ್ತೇನಿ ನೋಡ್ರಿ."

ನಮ್ಮ ಇಡೀ ಮೈಲೂರು ಬಡಾವಣೆಯಲ್ಲಿ ನನ್ನ ತಂತಿಗೆ ಜಾಗ ಕೊಟ್ಟವರು ಅವರೊಬ್ಬರೇ. ಆ ಪೈಪು ಹೋದರೆ ನನ್ನ ರೇಡಿಯೊ ಹೋದಂತೆಯೇ.

ಮಾಸ್ತರರು ಮದ್ದು ಹೇಳಿದರು: "ಒಳಗ ಬರೋ ತಂತಿಗೂ ಹೊರಗ ಹೋಗೋ ತಂತಿಗೂ ನಡುವ ತಗಡಿನ ಗ್ವಾಡಿ ಹಾಕ್ರಿ. ಆಮ್ಯಾಗ ಜೋರ್ ಕೇಳಸೋ ಆಶಾ ಕಮ್ಮಿ ಮಾಡ್ರಿ."

ತಗಡನ್ನು ಆಪಾ ಅವರೇ ಕೊಟ್ಟರು, ಶಾವಿಗೆ ಡಬ್ಬಿಯ ಮುಚ್ಚಳ. ಊಳು ನಿಂತಿತು. ಆದರೆ ಆಸೆ ಅಳೆಯಲು ಮೀಟರು ಎಲ್ಲಿಂದ ತರುವುದು? ಅವರ ಟಿವಿಯೇ ಮೀಟರಾಯಿತು. ಬಾತುಕೋಳಿ ಕೂಗಿದರೆ ಅವರು ಕಿಟಕಿಯಲ್ಲಿ ಟವೆಲು ಬೀಸುವುದು, ನಾನು ಗುಂಡಿ ಇಳಿಸುವುದು. ಟವೆಲು ನಿಂತಾಗ ಗುಂಡಿ ಇದ್ದ ಜಾಗಕ್ಕೆ ಆಪಾ ಬಂದು ಉಗುರುಬಣ್ಣದ ಚುಕ್ಕೆ ಇಟ್ಟರು. ತಂತಿ ಉಳಿಯಿತು, ಟವೆಲಿನ ಕಥೆ ಭಾಲ್ಕಿಗೂ ಮುಟ್ಟಿತು.

ಈಗ ಅವರ ಮನೆಗೆ ಡಿಶ್ ಬಂದಿದೆ. ಅದರೊಳಗೆ ನನ್ನ ಬಾತುಕೋಳಿ ನುಗ್ಗುವುದಿಲ್ಲ. ಆ ಧೈರ್ಯದಲ್ಲಿ ಇವತ್ತು ಗುಂಡಿಯನ್ನು ಚುಕ್ಕೆ ದಾಟಿಸಿ ಭಾಲ್ಕಿಯ ಮಾಸ್ತರರನ್ನು ಕೂಗಿದೆ. ಕಣ್ಣೆತ್ತಿದರೆ, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ಆಪಾ ಟವೆಲು ಬೀಸುತ್ತಿದ್ದಾರೆ!

"ಈಗೂ ಟಿವ್ಯಾಗ ಬರ್ತದೇನ್ರಿ ಆಪಾ?"

"ಟಿವಿ ಬಂದ್ ಅದಾರಿ. ನಿಮ್ಮ ಕುತ್ತಿಗಿ ನರ ಉಬ್ಬಿದ್ದು ಇಲ್ಲಿಗೇ ಕಾಣಸ್ತದ."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಗುಂಡಿಯನ್ನು ಚುಕ್ಕೆಗೆ ತಂದು, ಮೆತ್ತಗೆ ಇನ್ನೊಮ್ಮೆ ಕರೆದೆ.

ಭಾಲ್ಕಿಯಿಂದ ಮಾಸ್ತರರ ಉತ್ತರ ಬಂತು: "ಹಾಂ, ಈಗ ಸಾಫ್ ಅದಾ. ಆಪಾ ಟವೆಲ್ ಬೀಸಿದ್ರೇನ್ರಿ?"