ಗೋಣಿತಟ್ಟಿನ ಹಿಂದಿನ ಕಣ್ಣು

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಮಸ್ಕಿ ಬಸ್ ನಿಲ್ದಾಣದ ಎದುರಿನ ಮಂಡಕ್ಕಿ ಒಗ್ಗರಣೆ ಅಂಗಡಿಯೊಳಗೆ ಒಲೆಗೂ ಗಿರಾಕಿಗಳಿಗೂ ನಡುವೆ ಗೋಣಿತಟ್ಟು ಕಟ್ಟಲಾಯಿತು. ಮೊನ್ನೆ ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮಗುವಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು. ಆ ಘಾಟಿಗೆ ಕೆಮ್ಮುತ್ತಿದ್ದ ನನಗೆ ಆ ಅಂಗಡಿಯಾಕೆ ನೆನಪಾದಳು...

ಲಿಂಗಸುಗೂರಿನ ಬಸ್ಸಿಗೆ ಕಾಯುವಾಗ ನಾನು ಅಲ್ಲೇ ತಿನ್ನುತ್ತಿದ್ದೆ. ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಆಕೆಗಿದ್ದದ್ದು ಆ ಅಂಗಡಿ ಮಾತ್ರ. ಆ ವರ್ಷ ಆಕೆ ಬಡಕಲಾದಳು. ಕೈ ನಡುಗತೊಡಗಿತು, ಕೊರಳು ಊದಿತು, ಕಣ್ಣುಗುಡ್ಡೆಗಳು ಹೊರಚಾಚಿದವು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ.

"ಹಂಗ್ಯಾಕ ನೋಡ್ತೀ ಬೇ? ತುತ್ತು ಗಂಟಲದಾಗ ಇಳಿವಲ್ದು," ಎಂದ ಒಬ್ಬ ಗಿರಾಕಿ.

"ನಾ ಎಲ್ಲಿ ನೋಡಾಕತ್ತೀನೋ ಯಪ್ಪಾ, ಕಣ್ಣ ತಾವ ನೋಡಾಕತ್ತಾವ," ಎಂದಳು. ಎಲ್ಲರೂ ನಕ್ಕರು.

ಮರುವಾರ ಆಕೆಯ ಮೈದುನ, ಗಿರಾಕಿಗಳ ತುತ್ತಿಗೆ ಆ ಕಣ್ಣು ಬೀಳದಿರಲೆಂದು, ತಟ್ಟು ಕಟ್ಟಿದ. ಕೆಳಗೆ ತಟ್ಟೆ ತೂರುವಷ್ಟು ಕಿಂಡಿ. ಹಿಂದೆ ಹೊಗೆಯಲ್ಲಿ ಆಕೆ ಒಬ್ಬಳೇ. ಗಿರಾಕಿಗಳು ಇನ್ನೊಂದು ತಟ್ಟೆ ಕೇಳಿ ತಿನ್ನುತ್ತಿದ್ದರು. ಎದ್ದು ಹೋಗುವಾಗ ಮೆಣಸಿನಕಾಯಿ ನಿವಾಳಿಸಿ, ಥೂ ಥೂ ಎಂದು ಉಗುಳಿ, ಆಕೆಯ ಒಲೆಗೇ ಎಸೆಯುತ್ತಿದ್ದರು. ಮುಚ್ಚಲಾಗದ ಕಣ್ಣಿಗೆ ಆ ಘಾಟು. ಬೆರಳಿನ ಎಣ್ಣೆ ನೆಕ್ಕುತ್ತಲೇ ಆ ಬಾಯಿಗಳು ಉಗುಳುತ್ತಿದ್ದವು.

ಸಿಂಧನೂರಿನ ವೈದ್ಯರೊಬ್ಬರು ರೋಗ ಗುರುತಿಸಿದರು. ನಾನೂ ಜೊತೆಗಿದ್ದೆ. ರೋಗಾಣುಗಳೊಡನೆ ಹೋರಾಡಬೇಕಾದ ರಕ್ತದ ಪ್ರೋಟೀನುಗಳು ಥೈರಾಯ್ಡ್ ಗ್ರಂಥಿಯ ಜೀವಕೋಶಗಳಿಗೆ ಅಂಟಿಕೊಂಡಿವೆ ಎಂದರು. ಮೆದುಳಿನ ಬುಡದಿಂದ ಬರುವ ಹಾರ್ಮೋನು ಕೂರಬೇಕಾದ ಜಾಗದಲ್ಲಿ ತಾವೇ ಕೂತು ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತವೆ. ಎದೆ ಓಡುತ್ತದೆ, ಮೈ ಕರಗುತ್ತದೆ. ಕಣ್ಣಿನ ಹಿಂಭಾಗ ಊದುವುದೂ ಅವುಗಳಿಂದಲೇ.

"ಗುಳಿಗಿ ಬಿಡಬ್ಯಾಡ್ರಿ, ಬಿಟ್ರ ಎದಿ ತಡಿಯಂಗಿಲ್ಲ. ಕಣ್ಣು ಮಾತ್ರ ಗುಳಿಗೀಗೆ ಒಳಗ ಹೋಗೂವಲ್ಲ," ಎಂದರು.

ಗುಳಿಗೆಯಿಂದ ನಡುಕ ನಿಂತಿತು, ಮೈ ತುಂಬಿತು. ಕಣ್ಣು ಹಾಗೇ ಉಳಿದವು. ಮೈದುನ ನೋಡುತ್ತಿದ್ದದ್ದು ಕಣ್ಣನ್ನು ಮಾತ್ರ.

"ಕಣ್ಣ ಒಳಗ ಹೋಗ್ಯಾವೇನು? ಮತ್ಯಾಕ ಗುಳಿಗಿ?" ಎಂದು ತರುವುದನ್ನೇ ನಿಲ್ಲಿಸಿದ.

ಕೆಲವು ತಿಂಗಳಲ್ಲಿ ಕಿಂಡಿಯಿಂದ ಬರುವ ತಟ್ಟೆ ಮತ್ತೆ ನಡುಗತೊಡಗಿತು. ಗುಳಿಗೆ ನಾನೇ ತರುತ್ತೇನೆ ಎಂದೆ.

"ತಾರೋ ತಮ್ಮಾ... ಅದಕಿಂತ ಮದ್ಲ ಈ ತಟ್ಟ ತೆಗಿಸು. ಮಂದಿ ಮಾರಿ ನೋಡಿ ಬಾಳ ದಿನಾತು."

ನಾನು ಗುಳಿಗೆ ಹಿಡಿದು ಹೋಗುವಷ್ಟರಲ್ಲಿ, ಆ ತಟ್ಟಿನ ಹಿಂದೆ, ಒಲೆಯ ಮುಂದೆಯೇ ಆಕೆಯ ಎದೆ ನಿಂತಿತ್ತು.

ಅಕ್ಕ ಇಲ್ಲ. ಅಂಗಡಿ ಈಗ ಮೈದುನನ ಮಕ್ಕಳದು. ತಟ್ಟು ತೆಗೆದಿದ್ದಾರೆ. ವ್ಯಾಪಾರಕ್ಕೆ ದೃಷ್ಟಿ ತಾಗದಿರಲೆಂದು ಒಲೆಯ ಮೇಲೆ, ಕಣ್ಣು ಹೊರಚಾಚಿದ ರಾಕ್ಷಸಿಯ ಮುಖವೊಂದನ್ನು ತೂಗುಹಾಕಿದ್ದಾರೆ.