ಹಯಾಕಾವಾ ಮನೆಯ ಸಾವಿರದೈನೂರ ಅರವತ್ತಮೂರು

ಕೋಕಿಲಾಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ಮೈಸೂರಿನಲ್ಲಿ ಅವಳ ಅಜ್ಜಿ ಹೇಳುತ್ತಿದ್ದುದು ಸುಳ್ಳಲ್ಲ. ಪಾಪ, ಕೆಟ್ಟವಳಲ್ಲ. ಕೇಳಿದ್ದನ್ನು ಯಾರಿಗಾದರೂ ಹೇಳದಿದ್ದರೆ ಊಟ ಸೇರದು, ಅಷ್ಟೇ. ಅಂಥವಳನ್ನು ಮದುವೆಯಾಗಿ ಮುಕುಂದ ಕರೆದೊಯ್ದದ್ದು ಎಲ್ಲಿಗೆ? ಮಾತಿಗಿಂತ ತಲೆ ಬಾಗಿಸುವುದೇ ಹೆಚ್ಚಿರುವ ಜಪಾನಿಗೆ. ಅವನಿಗೆ ಒಕಾಜಾಕಿಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಇವಳು ಜಪಾನಿ ತರಗತಿಗೆ ಸೇರಿ, ಎರಡೇ ವರ್ಷದಲ್ಲಿ ಆ ಭಾಷೆಯಲ್ಲೂ ಹರಟೆ ಹೊಡೆಯುವಷ್ಟಾದಳು. ಕೇಳುವುದಕ್ಕೆ ಪಕ್ಕದ ಮನೆಯ ಹಯಾಕಾವಾ ಸಾನ್ ಇದ್ದರು, ಎಪ್ಪತ್ತೆಂಟು ವರ್ಷದ ಹೆಂಗಸು.

೧೯೯೯ರ ಕೊನೆಯ ದಿನ. ಎರಡು ಸಾವಿರ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವಂತೆ, ವೈಟುಕೆಯಂತೆ ಎಂದು ಹೆದರಿ ಲೋಕವೆಲ್ಲ ನೀರು ತುಂಬಿಟ್ಟುಕೊಳ್ಳುತ್ತಿತ್ತು. ಮುಕುಂದ ಲ್ಯಾಬಿನ ಕಂಪ್ಯೂಟರ್ ಕಾಯಲು ಹೋಗಿದ್ದ. ಕೋಕಿಲಾ ಮೂಲೆಯ ಕೊಂಬಿನಿ ಅಂಗಡಿಯಿಂದ ನೀರಿನ ಬಾಟಲಿಗಳನ್ನು ಹೊತ್ತು ತರುವುದನ್ನು ನೋಡಿ ಹಯಾಕಾವಾ ಸಾನ್ ಚಹಾಕ್ಕೆ ಕರೆದರು.

"ನೀವೆಲ್ಲ ಎರಡು ಸಾವಿರಕ್ಕೆ ಹೆದರ್ತೀರಿ. ನಮ್ಮನೇಲಿ ಸಾವಿರದೈನೂರ ಅರವತ್ತಮೂರೇ ಇನ್ನೂ ಮುಗಿದಿಲ್ಲ," ಎಂದರು.

ಆ ವರ್ಷ ಒಕಾಜಾಕಿಯ ಎಳೆ ಪ್ರಾಯದ ಒಡೆಯನ ಮೇಲೆ ಅಮಿದ ಬುದ್ಧನ ಭಕ್ತರು ದಂಗೆ ಎದ್ದಿದ್ದರಂತೆ. ಒಡೆಯನ ಸೈನಿಕರಲ್ಲೇ ಎಷ್ಟೋ ಜನ ಆ ಭಕ್ತರು. ಉಂಡ ಅನ್ನ ಒಡೆಯನದು, ನಂಬಿಕೆ ಮಂದಿರದ್ದು. ಯಾರ ಕಡೆ ನಿಲ್ಲಬೇಕು? ಹಯಾಕಾವಾ ಮನೆಯ ಹಿರಿಯ ಮಂದಿರದ ಕಡೆ ನಿಂತ. ಮಂದಿರದ ಬಾಗಿಲು ಕಾಯುವ ಕೆಲಸ ಅವನದು. ಚಳಿಗಾಲದ ಒಂದು ಬೆಳಗಿನಲ್ಲಿ ಒಡೆಯನ ಕಡೆಯವರಿಗೆ ಅವನೇ ಬಾಗಿಲು ತೆಗೆದ. ಒಡೆಯ ಗೆದ್ದ, ಮಂದಿರ ಕೆಡವಿಸಿದ, ಇವನಿಗೆ ಹೊಲ ಕೊಟ್ಟ. ಇಪ್ಪತ್ತು ವರ್ಷದ ಮೇಲೆ ಮಂದಿರ ಮತ್ತೆ ಎದ್ದಿತು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ಈ ಮನೆಯವರು ಆ ಹೊಲದ ಹೊಸ ಅಕ್ಕಿಯನ್ನು ಒಂದು ಚೀಲ ಅಲ್ಲಿಗೆ ಕೊಟ್ಟು ಬರುತ್ತಾರೆ. ಯಾಕೆಂದು ಮಾತ್ರ ಹೊರಗೆ ಯಾರಿಗೂ ಹೇಳಿದ್ದಿಲ್ಲ.

"ನನಗೆ ಮಕ್ಕಳಿಲ್ಲ. ಒಬ್ಬರಿಗಾದರೂ ಹೇಳಬೇಕು ಅನ್ನಿಸ್ತು. ಹೊಟ್ಟೇಲಿಟ್ಕೊಳ್ಳಿ."

ಕೋಕಿಲಾ ಒಪ್ಪಿದಳು. ನಿಜವಾಗಿಯೂ ಇಟ್ಟುಕೊಂಡಳು, ಐದು ತಿಂಗಳು. ಜೂನಿನಲ್ಲಿ ವಿದೇಶಿಯರಿಗೆಂದು ಜಪಾನಿ ಭಾಷಣ ಸ್ಪರ್ಧೆ ಬಂತು.

"ಯೋಗ, ಸೀರೆ ಅಂತ ಎಲ್ರೂ ಮಾತಾಡ್ತಾರೆ ರೀ. ನನ್ ಹತ್ರ ಒಂದು ಸೂಪರ್ ಸ್ಟೋರಿ ಇದೆ," ಎಂದಳು ಗಂಡನಿಗೆ.

"ಯಾರದ್ದೇ? ಅವರನ್ನ ಕೇಳಿದ್ಯಾ?"

"ನಾನೂರು ವರ್ಷದ್ ಹಿಂದಿಂದು ಕಣ್ರೀ. ಹೆಸರು ಹೇಳಲ್ಲ. ಪುರಾಣ ಹೇಳಿದ್ರೆ ಯಾರಾದ್ರೂ ಬೇಜಾರ್ ಮಾಡ್ಕೋತಾರಾ?"

ಹೆಸರನ್ನೇನೋ ಹೇಳಲಿಲ್ಲ. ಬಾಗಿಲು, ಹೊಲ, ನವೆಂಬರ್, ಅಕ್ಕಿಚೀಲ, ಒಂದನ್ನೂ ಬಿಡದೆ ಹೇಳಿದಳು. ಮೊದಲ ಬಹುಮಾನವೆಂದು ಗಡಿಯಾರ ಬಂತು, ಊರಿನ ಪತ್ರಿಕೆಯಲ್ಲಿ ಕಥೆಯೂ ಫೋಟೋವೂ ಬಂದವು. ವರ್ಷ ವರ್ಷ ಅಕ್ಕಿ ಹೊತ್ತು ಹೋಗುವವರು ಯಾರೆಂದು ಆ ಓಣಿಗೆ ಗೊತ್ತಿರಲಿಲ್ಲವೇ?

ಹಯಾಕಾವಾ ಸಾನ್ ಜಗಳಕ್ಕೆ ಬರಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. ಕಲ್ಲಂಗಡಿ ತಂದು ಕೊಟ್ಟು, ಅಭಿನಂದನೆ ಹೇಳಿ, ಬಾಗಿ ಹೋದರು. ಆಮೇಲೆ ಚಹಾಕ್ಕೆ ಕರೆಯಲಿಲ್ಲ. ಕೋಕಿಲಾ ಮೂರು ಸಲ ಸುಮಿಮಾಸೆನ್, ಕ್ಷಮಿಸಿ ಎನ್ನಲು ಹೋದಳು. ಮೂರು ಸಲವೂ "ಏನೂ ಆಗಿಲ್ಲವಲ್ಲ" ಎಂದು ನಕ್ಕು ಬಾಗಿಲು ಹಾಕಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಗಡಿಯಾರ ಕಂಡರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿದಳು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಹಯಾಕಾವಾ ಸಾನ್ ತಾವಾಗಿಯೇ ಬಂದರು. ಕೈಯಲ್ಲಿ ಅಕ್ಕಿಚೀಲ.

"ಈ ಸಲ ಆ ಮೆಟ್ಟಿಲು ಹತ್ತೋ ಮುಖ ನನಗಿಲ್ಲ. ತಪ್ಪಿಸೋದಕ್ಕೂ ಆಗಲ್ಲ. ನೀವು ಕೊಟ್ಟು ಬರ್ತೀರಾ?"

ಕೋಕಿಲಾ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದಳು. ಮಂದಿರದ ಮುದಿ ಗುರುಗಳು ಬಾಗಿ ಅಕ್ಕಿ ತೆಗೆದುಕೊಂಡರು. ಅವಳಿಗೆ ಅಳು ತಡೆಯಲಾಗಲಿಲ್ಲ.

"ತಪ್ಪು ನನ್ನದು. ಯಾರಿಗೂ ಗೊತ್ತಿಲ್ಲದ್ದನ್ನ ಊರಿಗೆಲ್ಲ ಹೇಳಿಬಿಟ್ಟೆ," ಎಂದಳು.

ಗುರುಗಳು ಚೀಲವನ್ನು ಒಳಗಿಟ್ಟು ಬಂದರು.

"ನಮಗೆ ಗೊತ್ತಿತ್ತಮ್ಮ. ನಮ್ಮ ತಾತನಿಗೂ, ಅವರ ತಾತನಿಗೂ ಗೊತ್ತಿತ್ತು. ಓಣಿಯ ಹಿರಿಯರಿಗೂ ಗೊತ್ತು. ಯಾರೂ ಬಾಯಿ ಬಿಡಲಿಲ್ಲ ಅಷ್ಟೇ. ಬಿಟ್ಟಿದ್ದರೆ ಆ ಮನೆಯವರು ಇಲ್ಲಿಗೆ ಹೇಗೆ ಬರ್ತಿದ್ದರು?" ಎಂದರು. "ಇದನ್ನ ಅವರಿಗೆ ಹೇಳಬೇಡಿ. ನಾವೆಲ್ಲ ಗೊತ್ತಿದ್ದೇ ನೋಡ್ತಿದ್ವಿ ಅಂತ ತಿಳಿದರೆ ಇನ್ನು ಈ ಕಡೆ ಬರೋದೇ ಇಲ್ಲ."

ಅವಳ ಕೆನ್ನೆಗೆ ಬಾರಿಸಿದಂತಾಯಿತು. ನಾನೂರಕ್ಕೂ ಹೆಚ್ಚು ವರ್ಷ ಒಂದು ಊರು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅವಳು ಐದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಲಾರದೆ ಹೋಗಿದ್ದಳು.

ಹಯಾಕಾವಾ ಸಾನ್ ಗೇಟಿನಲ್ಲೇ ಕಾಯುತ್ತಿದ್ದರು.

"ಗುರುಗಳು ಏನಾದರೂ ಅಂದರಾ?"

ಮಾತು ತುಟಿಯವರೆಗೆ ಬಂತು. ಹೇಳಿಬಿಟ್ಟರೆ ತನ್ನ ತಪ್ಪು ಅರ್ಧಕ್ಕರ್ಧ ಇಳಿದೀತು, ತಾನೇನೂ ಹೊಸದಾಗಿ ಬಯಲು ಮಾಡಿಲ್ಲ ಎಂದಾದೀತು.

"ಏನೂ ಅನ್ನಲಿಲ್ಲ. ಈ ಸಲದ ಅಕ್ಕಿ ಚೆನ್ನಾಗಿದೆ ಅಂದರು," ಎಂದಳು ಕೋಕಿಲಾ.

ಸಂಜೆ ಮುಕುಂದ ಕೇಳಿದಾಗ ಅವನಿಗೂ ಹೇಳಲಿಲ್ಲ. ಅಂದು ಅವಳಿಗೆ ಊಟ ಸೇರಲಿಲ್ಲ.